ದೊಡ್ಡ ಬೋರಿನ ಸಿಂಗಲ್ ಆಕ್ಷನ್‌ಗೆ ಹಗುರ ಈಡು: ಇರೋ ಮದ್ದನ್ನೇ ಅರ್ಧ ಹಾಕಿದ್ರೆ ಆಗಲ್ವಾ?

ಗಿಣ್ಣುನೋವು:
ಎಲ್ರಿಗೂ ನಮಸ್ಕಾರ. ನನ್ನ ಹತ್ರ .45 ಕೋಲ್ಟ್ ತೋಟೆಯ ಸಿಂಗಲ್ ಆಕ್ಷನ್ ರಿವಾಲ್ವರ್ ಇದೆ (ಪ್ರತಿ ಈಡಿಗೂ ಹೆಬ್ಬೆರಳಲ್ಲಿ ಹ್ಯಾಮರ್ ಎಳೀಬೇಕಾದ್ದು), ತೋಟೆ ಮನೇಲಿ ನಾನೇ ತುಂಬ್ಕೊಳ್ಳೋದು. ದಪ್ಪ ಫ್ರೇಮು, ಐದೂವರೆ ಇಂಚಿನ ನಳಿಗೆ, ಹಿಂದಿನ ಸೈಟ್ ಹೊಂದಿಸಬಹುದು. ತಗೊಂಡ ಹೊಸದ್ರಲ್ಲಿ ಭಾರೀ ಹುಮ್ಮಸ್ಸು. ದಪ್ಪ ಫ್ರೇಮಿಗೆ ಅಂತಲೇ ಕೈಪಿಡಿಯಲ್ಲಿ ಬೇರೆ ಪುಟ ಇರುತ್ತಲ್ಲ, ಆ ಪುಟ ಹಿಡ್ಕೊಂಡು 300 ಗ್ರೇನ್ ಗುಂಡನ್ನ ಸೆಕೆಂಡಿಗೆ 1,200 ಅಡಿ ವೇಗಕ್ಕೆ ತುಂಬ್ತಿದ್ದೆ (ಗ್ರೇನ್ ಅಂದ್ರೆ ಗುಂಡು, ಮದ್ದು ತೂಗೋ ಚಿಕ್ಕ ಅಳತೆ). ಈಗ ಹನ್ನೆರಡು ಈಡು ಹೊಡೆಯೋ ಹೊತ್ತಿಗೆ ಟ್ರಿಗರ್ ಗಾರ್ಡಿನ ಹಿಂಭಾಗ ಬಡಿದೂ ಬಡಿದೂ ನಡುಬೆರಳ ಗಿಣ್ಣು ನೀಲಿಗಟ್ಟಿರುತ್ತೆ. ಹದಿಮೂರನೇದಕ್ಕೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ. ಗುರಿ ದೇವರಿಗೇ ಪ್ರೀತಿ.

ನನಗೆ ಬೇಕಿರೋದು ಇಷ್ಟೇ: 25 ಗಜದಲ್ಲಿ ಕಾಗದಕ್ಕೆ ತೂತು ಮಾಡ್ಬೇಕು, ಸಂಜೆ ಪೆನ್ನು ಹಿಡಿಯೋಕೂ ಆಗ್ಬೇಕು. 250 ಗ್ರೇನ್ ಗುಂಡು, 750 ಅಡಿ ಆಸುಪಾಸು ಸಾಕು. ಮನೇಲಿ ಮುಕ್ಕಾಲು ಡಬ್ಬಿ ಎಚ್110 ಮದ್ದು ಇದೆ. ಭಾರದ ಈಡಿಗೆ ಇಪ್ಪತ್ತು ಚಿಲ್ಲರೆ ಗ್ರೇನ್ ಹಾಕ್ತಿದ್ದೆ. ಅದನ್ನೇ ಹತ್ತು ಹನ್ನೊಂದಕ್ಕೆ ಇಳಿಸಿದ್ರೆ ಮುಗೀತಲ್ಲ?

ಸೀಸದಕೈ:
ಬೇಡ. ಬೇಡ. ಬೇಡ. ಮದ್ದಿನ ಡಬ್ಬಿ ಕೆಳಗಿಡಿ, ಆಮೇಲೆ ಮಾತಾಡೋಣ.

ತಕ್ಕಡಿ:
ಸೀಸದಕೈ ಗಾಬರಿಯಾಗಿದ್ದಾರೆ, ಕಾರಣ ನಾನು ಹೇಳ್ತೀನಿ. ಎಚ್110 ನಿಧಾನಕ್ಕೆ ಉರಿಯೋ ಗೋಲಿಮದ್ದು. ಅದಕ್ಕೆ ಕೇಸ್ (ತೋಟೆಯ ಹಿತ್ತಾಳೆ ಕೊಳವೆ) ತುಂಬಿರ್ಬೇಕು, ಮೇಲೆ ಭಾರದ ಗುಂಡು ಕೂತಿರ್ಬೇಕು, ಗಟ್ಟಿ ಕ್ರಿಂಪ್ ಇರ್ಬೇಕು (ಕೇಸಿನ ಬಾಯಿ ಗುಂಡನ್ನ ಬಿಗಿಯಾಗಿ ಕಚ್ಚಿಕೊಂಡಿರೋದು), ಒತ್ತಡ ಸರ್ರಂತ ಏರ್ಬೇಕು. ಆಗ ಅದರಷ್ಟು ಶುದ್ಧವಾಗಿ ಉರಿಯೋದು ಇನ್ನೊಂದಿಲ್ಲ. ಅರ್ಧ ಹಾಕಿದ್ರೆ ಕೇಸಿನ ಬುಡದಲ್ಲಿ ಮದ್ದು ಹೊತ್ತಿಸೋಕೆ ಇರೋ ಪ್ರೈಮರಿನ ಕಿಡಿ ಖಾಲಿ ಕೇಸಿನಲ್ಲಿ ಅಲೆದಾಡುತ್ತೆ, ಮದ್ದು ಅರೆಬರೆ ಹತ್ತುತ್ತೆ, ಗುಂಡು ನಳಿಗೆಯ ಮಧ್ಯ ನಿಲ್ಲುತ್ತೆ. ನೀವು ಮುಂದಿನ ಈಡು ಹೊಡೀತೀರಿ. ಆಮೇಲೆ ಬೆರಳ ಗಿಣ್ಣಿನ ಚಿಂತೆ ಇರಲ್ಲ, ಬೆರಳೇ ಇರಲ್ಲ.

ಎಚ್110 ಮಾರೋ ಹಾಡ್ಜ್‌ಡನ್‌ನವರೇ ಈ ಮದ್ದನ್ನ ಶೇಕಡಾ 3ಕ್ಕಿಂತ ಹೆಚ್ಚು ಇಳಿಸ್ಬೇಡಿ ಅಂತ ಹೇಳಿದ್ದಾರೆ. ವಿಂಚೆಸ್ಟರ್ 296 ಅಂತ ಬರೋದೂ ಇದೇ ಮದ್ದು, ಡಬ್ಬಿ ಮಾತ್ರ ಬೇರೆ. ‘ಅದರಲ್ಲಾದ್ರೆ ಆಗುತ್ತಾ’ ಅಂತ ಕೇಳ್ಬೇಡಿ.

ಗಿಣ್ಣುನೋವು:
ಅದನ್ನೇ ಕೇಳೋಕೆ ಹೊರಟಿದ್ದೆ 😀 ಸರಿ, ಡಬ್ಬಿ ಕೆಳಗಿಟ್ಟೆ.

ಗುಡುಗು454:
ಇಷ್ಟೆಲ್ಲಾ ಯಾಕೆ? ಹಗುರ ಈಡೇ ಬೇಕಿದ್ರೆ .22 ತಗೋಬೇಕಿತ್ತು. ನಾನು .454 ಕ್ಯಾಸುಲ್ ತೋಟೆ ಹೊಡೀತೀನಿ, ಒತ್ತಡ 65,000 ಪಿಎಸ್‌ಐ (ಚದರ ಇಂಚಿಗೆ ಪೌಂಡು). ಕೈ ಗಟ್ಟಿ ಮಾಡ್ಕೊಳ್ಳಿ.

ಹಳೇಈಡುಗಾರ:
ಗುಡುಗಣ್ಣ, ಚರಿತ್ರೆ ಸ್ವಲ್ಪ ಓದಿ. .45 ಕೋಲ್ಟ್ ಹುಟ್ಟಿದ್ದು 1873ರಲ್ಲಿ. ಪೂರ್ತಿ ಈಡು ಅಂದ್ರೆ 40 ಗ್ರೇನ್ ಕರಿಮದ್ದು, 255 ಗ್ರೇನ್ ಸೀಸ. ಎರಡೇ ವರ್ಷಕ್ಕೆ, 1875ರಲ್ಲಿ, ಅಮೆರಿಕದ ಸೈನ್ಯ ಸ್ಕೋಫೀಲ್ಡ್ ಅನ್ನೋ ಇನ್ನೊಂದು ರಿವಾಲ್ವರಿನ ಅಳತೆಯ ಗಿಡ್ಡ ತೋಟೆ ತಂತು. ಅದರಲ್ಲಿ 28 ಗ್ರೇನ್ ಮದ್ದು, 230 ಗ್ರೇನ್ ಗುಂಡು. ಕೋಲ್ಟಿಗೂ ಅದೇ, ಸ್ಕೋಫೀಲ್ಡಿಗೂ ಅದೇ. ಕುದುರೆ ಮೇಲೆ ಕೂತು ಹೊಡೆಯೋ ಸಿಪಾಯಿಗಳಿಗೇ ಅಷ್ಟು ಸಾಕಾಗಿತ್ತು. ಹಗುರ ಈಡು ಇವತ್ತಿನ ಸುಖಪುರುಷರು ಕಂಡುಹಿಡಿದದ್ದಲ್ಲ.

ಒಂಟಿನಳಿಗೆ:
ಕುದುರೆ ಅಂದಿದ್ದಕ್ಕೆ ನೆನಪಾಯ್ತು. ನಮ್ಮಜ್ಜ ಕೋವಿಯ ಹ್ಯಾಮರಿಗೆ ಕುದುರೆ ಅಂತಿದ್ರು. ಪೇಪರಿನಲ್ಲಿ ‘ಕುದುರೆ ಎಳೆದ’ ಅಂತ ಬರೆದಾಗ ಟ್ರಿಗರ್ ಅನ್ನೋ ಅರ್ಥ. ಯಾವುದು ಸರಿ?

ಮಸಿಬೆರಳು:
ಸಿಂಗಲ್ ಆಕ್ಷನ್‌ನಲ್ಲಿ ಎರಡೂ ಸರಿ. ಹೆಬ್ಬೆರಳಲ್ಲಿ ಒಂದು ಕುದುರೆ ಎಳೀಬೇಕು, ತೋರುಬೆರಳಲ್ಲಿ ಇನ್ನೊಂದು.

ಹಳೇಈಡುಗಾರ:
ಹಳೇ ಕೋವಿಯಲ್ಲಿ ಎಗರಿ ಬಿದ್ದು ಒದೆಯೋದು ಹ್ಯಾಮರು. ಒದೆಯೋದು ಕುದುರೇನೇ ತಾನೆ? ಟ್ರಿಗರಿಗೆ ಆ ಹೆಸರು ಆಮೇಲೆ ಅಂಟಿಕೊಂಡಿರ್ಬೇಕು. ಇದು ನನ್ನ ಊಹೆ, ಜಗಳಕ್ಕೆ ಬರ್ಬೇಡಿ.

ಸೀಸದಕೈ:
ಕುದುರೆ ಲಾಯಕ್ಕೆ ಹೋಗ್ಲಿ, ಮದ್ದಿಗೆ ಬನ್ನಿ.

ಗಿಣ್ಣುನೋವು ಅವರೇ, ಹಗುರ ಈಡು ಅಂದ್ರೆ ‘ಅದೇ ಮದ್ದು, ಕಮ್ಮಿ’ ಅಲ್ಲ, ‘ಬೇರೆ ಮದ್ದು’. ಬೇಗ ಉರಿಯೋದು ಬೇಕು. ಬುಲ್ಸ್‌ಐ, ರೆಡ್ ಡಾಟ್, ಟೈಟ್‌ಗ್ರೂಪ್, ಎಚ್‌ಪಿ-38, ಸ್ವಲ್ಪ ನಿಧಾನದ್ದು ಬೇಕಿದ್ರೆ ಯೂನೀಕ್. ನಾನು ಇಪ್ಪತ್ತು ವರ್ಷದಿಂದ ಯೂನೀಕ್ ಬಿಟ್ಟು ಬೇರೆ ಮುಟ್ಟಿಲ್ಲ. ಮಸಿ ಹಿಡಿಯುತ್ತೆ ಅಂತ ಬೈತಾರೆ, ಹಿಡಿಯುತ್ತೆ, ನಿಜ. ಕೈ ತೊಳ್ಕೊಳ್ಳಿ.

ನಿಧಾನಿ:
ಟ್ರೇಲ್ ಬಾಸ್ ಅಂತ ಯಾಕೆ ಯಾರೂ ಹೇಳ್ತಿಲ್ಲ? ನಡುವೆ ತೂತಿರೋ ಪುಟ್ಟ ಬಳೆಯಂಥ ಚೂರುಗಳು. ಉಬ್ಬಿಕೊಂಡಿರೋದ್ರಿಂದ ತೂಕ ಕಮ್ಮಿಯಾದ್ರೂ ಕೇಸ್ ತುಂಬುತ್ತೆ. ಎರಡು ಸಲ ಹಾಕಿದ್ರೆ ಹೊರಗೆ ಚೆಲ್ಲಿ ತಾನೇ ಹೇಳುತ್ತೆ. .45 ಕೋಲ್ಟಿನಂಥ ದೊಡ್ಡ ಹೊಟ್ಟೆಯ ಕೇಸಿಗೆ ಹೇಳಿ ಮಾಡಿಸಿದ್ದು.

ತಕ್ಕಡಿ:
ಯಾಕೆಂದ್ರೆ ಸಿಗ್ತಿಲ್ಲ. ಆಸ್ಟ್ರೇಲಿಯಾದಲ್ಲಿ ತಯಾರಾಗಿ ಬರ್ತಿತ್ತು, ಕೆಲವು ವರ್ಷದಿಂದ ಪತ್ತೆಯಿಲ್ಲ. ಹಳೇ ಡಬ್ಬಿ ಇದ್ದೋರು ಒಂದು ನೆನಪಿಡಿ: ಅದನ್ನ ಗುಂಡಿನ ಬುಡದಲ್ಲಿ ಅದುಮಬಾರದು. ಅದುಮಿದ್ರೆ ಬಳೆ ಒಡೆಯುತ್ತೆ, ಉರಿಯೋ ವೇಗ ಬದಲಾಗುತ್ತೆ, ಒತ್ತಡ ಜಿಗಿಯುತ್ತೆ.

ಗಿಣ್ಣುನೋವು:
ಹಾಗಾದ್ರೆ ಯೂನೀಕ್ ಎಷ್ಟು ಗ್ರೇನ್? ಒಂದು ಸಂಖ್ಯೆ ಹೇಳ್ಬಿಡಿ, ನಾಳೆ ತುಂಬ್ತೀನಿ.

ಸೀಸದಕೈ:
ಸಂಖ್ಯೆ ನನ್ನಿಂದ ತಗೋಬೇಡಿ, ಇಲ್ಲಿ ಯಾರಿಂದಲೂ ತಗೋಬೇಡಿ. ನಿಮ್ಮ ಗುಂಡಿನ ತೂಕ, ನಿಮ್ಮ ಮದ್ದು, ಎರಡೂ ಒಟ್ಟಿಗೆ ಇರೋ ಸಾಲನ್ನ ಈಗಿನ ಕೈಪಿಡಿಯಲ್ಲಿ ಹುಡುಕಿ. ಆರಂಭದ ಈಡಿನಿಂದ ಶುರುಮಾಡಿ. .45 ಕೋಲ್ಟಿಗೆ ಎರಡು ಪಟ್ಟಿ ಇರುತ್ತೆ. ನೀವು ಇಷ್ಟು ದಿನ ನೋಡ್ತಿದ್ದದ್ದು ದಪ್ಪ ಫ್ರೇಮಿನ ಪಟ್ಟಿ. ಈಗ ಮಾಮೂಲಿ ಪಟ್ಟಿಗೆ ಬನ್ನಿ, 14,000 ಪಿಎಸ್‌ಐ ಮೀರದ್ದು. ಅದರ ಕೆಳಗಿನ ತುದಿಯೇ ನಿಮಗೆ ಸಾಕಷ್ಟು ಹಗುರ. ಕೈಪಿಡಿಯ ಕನಿಷ್ಠಕ್ಕಿಂತ ಕೆಳಗೆ ಇಳಿಯೋಕೆ ಹೋಗ್ಬೇಡಿ. ಇನ್ನೂ ಹಗುರ ಬೇಕೆನಿಸಿದ್ರೆ ಗುಂಡಿನ ತೂಕ ಇಳಿಸಿ.

ಮಸಿಬೆರಳು:
14,000 ಅಂತ ಹೇಳಿದ್ದು ಸಾಮಿ. ಕಾವಿ ಉಟ್ಟ ಸಾಮಿಗಳಲ್ಲ, ಅಮೆರಿಕದ ತೋಟೆ ತಯಾರಕರ ಸಂಘದ ಸಾಮಿ. ಆದ್ರೂ ಮಾತು ಮೀರಬಾರದು.

ಹಳೇಈಡುಗಾರ:
.44 ಇರೋರಿಗೆ ಒಂದು ಹಳೇ ಹೆಸರು ಹೇಳ್ತೀನಿ. ಸ್ಕೀಟರ್ ಸ್ಕೆಲ್ಟನ್ ಅಂತ ಒಬ್ಬ ಬರಹಗಾರ ಇದ್ರು. .44 ಸ್ಪೆಷಲ್ ಕೇಸು, ಎಲ್ಮರ್ ಕೀತ್ ರೂಪಿಸಿದ 250 ಗ್ರೇನ್ ಗುಂಡು, ಏಳೂವರೆ ಗ್ರೇನ್ ಯೂನೀಕ್. 900 ಅಡಿ ದಾಟುತ್ತೆ. ಇವತ್ತಿಗೂ ಜನ ಅದನ್ನ ‘ಸ್ಕೀಟರ್ ಈಡು’ ಅಂತಲೇ ಕರೀತಾರೆ. ದಿನವಿಡೀ ಹೊಡೆದ್ರೂ ಬೇಜಾರಾಗಲ್ಲ.

ತಕ್ಕಡಿ:
ಸ್ವಾಮಿ, ಈಗಷ್ಟೇ ಸಂಖ್ಯೆ ಕೊಡ್ಬೇಡಿ ಅಂದ್ರು. ಅದು ಚರಿತ್ರೆ, ಪಾಕವಿಧಾನ ಅಲ್ಲ. .44 ಸ್ಪೆಷಲ್‌ನ ಮಿತಿ 15,500 ಪಿಎಸ್‌ಐ. ಸ್ಕೀಟರ್ ಈಡು ಆ ಮಿತಿಯ ಹತ್ತಿರ ಹೋಗಿ ಕೂರೋದು. ಹಗುರ ಅಂತ ನಂಬಿ 1907ರ ಕಾಲದ ಹಳೇ ರಿವಾಲ್ವರಿಗೆ ಅದನ್ನ ತುಂಬೋ ಪುಣ್ಯಾತ್ಮರೂ ಇರ್ತಾರೆ.

ಹಳೇಈಡುಗಾರ:
ಒಪ್ಪಿದೆ. ಚರಿತ್ರೆ ಅಂತಲೇ ಓದ್ಕೊಳ್ಳಿ.

ಕ್ರಿಂಪ್‌ರಾಯ:
ಒದೆತದ ಲೆಕ್ಕ ಸುಲಭ ಇದೆ, ಯಾರೂ ಹೇಳಲಿಲ್ಲ. ಗುಂಡಿನ ಗ್ರೇನನ್ನ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ನಿಮ್ಮ ಹಳೇ ಈಡು 300 × 1,200, ಅಂದ್ರೆ 360. ನಿಮಗೆ ಬೇಕಿರೋ 250 × 750 ಅಂದ್ರೆ 187 ಚಿಲ್ಲರೆ. ಹೆಚ್ಚುಕಮ್ಮಿ ಅರ್ಧ. 200 ಗ್ರೇನ್ ಗುಂಡನ್ನ 650ಕ್ಕೆ ಹೊಡೆದ್ರೆ 130, ಅದು ಮಾಮೂಲಿ 9 ಎಂಎಂ ಪಿಸ್ತೂಲಿನ ಅಂಕಿ. ಅದೂ ಇಷ್ಟು ತೂಕದ ರಿವಾಲ್ವರಿನಲ್ಲಿ! ಮಗು ತಟ್ಟಿದ ಹಾಗಿರುತ್ತೆ. ಕೌಬಾಯ್ ಸ್ಪರ್ಧೆಯ ಎಸ್‌ಎಎಸ್‌ಎಸ್‌ನವರು ಕನಿಷ್ಠ 60 ಅಂತ ಇಟ್ಟಿದ್ದಾರೆ, ರಿವಾಲ್ವರಿಗೆ 1,000 ಅಡಿ ಮೇಲೆ ಹೋಗೋ ಹಾಗಿಲ್ಲ.

ಇದು ಪೂರ್ತಿ ಲೆಕ್ಕ ಅಲ್ಲ, ಮದ್ದಿನ ತೂಕವೂ ಒದೆಯುತ್ತೆ. ಇಪ್ಪತ್ತು ಗ್ರೇನ್ ಮದ್ದಿಗೂ ಎಂಟಕ್ಕೂ ಕೈಗೆ ವ್ಯತ್ಯಾಸ ಗೊತ್ತಾಗುತ್ತೆ.

ಗುಡುಗು454:
ನನ್ನದು 300 × 1,600, ಅಂದ್ರೆ 480. ಅದಕ್ಕೇ ಮೊಣಕೈಗೆ ಪಟ್ಟಿ ಕಟ್ಕೊಂಡಿರೋದು. ಯಾರಿಗೂ ಹೇಳ್ಬೇಡಿ.

ಒಂಟಿನಳಿಗೆ:
ಹೇಳಿದ್ದು ನೀವೇ 😂

ಬೂದಿಮುಚ್ಚಿದಕೆಂಡ:
ನನ್ನ ಕಥೆ ಕೇಳಿ, ಆಮೇಲೆ ತುಂಬಿ. ಆರು ವರ್ಷದ ಹಿಂದೆ. ಟೈಟ್‌ಗ್ರೂಪ್, ಸಣ್ಣ ಈಡು. ಆ ಮದ್ದು .45 ಕೋಲ್ಟ್ ಕೇಸಿನ ತಳದಲ್ಲಿ ಎಲ್ಲಿದೆ ಅಂತ ಹುಡುಕ್ಬೇಕು, ಅಷ್ಟು ಕಮ್ಮಿ. ತುಂಬ್ತಾ ಇದ್ದೆ, ಫೋನ್ ಬಂತು, ಮಾತಾಡಿ ಬಂದು ಮುಂದುವರಿಸಿದೆ. ಮೈದಾನದಲ್ಲಿ ನಾಲ್ಕನೇ ಈಡು ‘ಡಂ’ ಅನ್ನಲಿಲ್ಲ, ‘ಟುಸ್’ ಅಂತು. ಕಾಗದದಲ್ಲಿ ತೂತಿಲ್ಲ. ಪಕ್ಕದಲ್ಲಿದ್ದ ಹಿರಿಯರು ಮಣಿಕಟ್ಟು ಹಿಡಿದು ‘ಕೆಳಗಿಡು’ ಅಂದ್ರು. ಸಿಲಿಂಡರಿನ ಬೇಸ್ ಪಿನ್ ಎಳೆದು, ಸಿಲಿಂಡರ್ ಹೊರತೆಗೆದು, ನಳಿಗೆಗೆ ಬೆಳಕು ಬಿಟ್ಟು ನೋಡಿದ್ರೆ ಕತ್ತಲೆ. ಗುಂಡು ಎರಡಿಂಚು ಒಳಗೆ ಕೂತಿದೆ.

ಒಂದು ಕೇಸಿಗೆ ಮದ್ದೇ ಬಿದ್ದಿರಲಿಲ್ಲ, ಪ್ರೈಮರ್ ಮಾತ್ರ ತಳ್ಳಿತ್ತು. ಹಿತ್ತಾಳೆ ಸಲಾಕೆಯಲ್ಲಿ ತಟ್ಟಿ ತೆಗೆದ್ವಿ. ನನಗೆ ಬೆವರು ಬಂದದ್ದು ಆಗಲ್ಲ, ಮನೆಗೆ ಬಂದ ಮೇಲೆ. ಒಂದು ಕೇಸಿಗೆ ಬೀಳದ ಮದ್ದು ಇನ್ನೊಂದಕ್ಕೆ ಎರಡು ಸಲ ಬಿದ್ದಿರಬಹುದಲ್ಲ? ಉಳಿದ ನಲವತ್ತಾರನ್ನೂ ಬಿಚ್ಚಿ ತೂಗಿದೆ. ಮೂವತ್ತೊಂದನೇದರಲ್ಲಿ ಸರಿಯಾಗಿ ಎರಡರಷ್ಟು ಇತ್ತು. ಆ ಕೇಸಿನಲ್ಲಿ ಎರಡಲ್ಲ, ಮೂರು ಈಡು ಹಾಕಿದ್ರೂ ಚೆಲ್ತಿರಲಿಲ್ಲ.

ಗಿಣ್ಣುನೋವು:
ಓದಿ ಕೈ ತಣ್ಣಗಾಯ್ತು.

ತಕ್ಕಡಿ:
ಹಗುರ ಈಡಿನ ನಿಜವಾದ ಅಪಾಯ ಇದೇ. ಭಾರದ ಈಡು ಕೇಸ್ ತುಂಬಿರುತ್ತೆ, ತಪ್ಪು ಕಣ್ಣಿಗೆ ಹೊಡೆಯುತ್ತೆ. ಹಗುರದ ತಪ್ಪು ತಳದಲ್ಲಿ ಅಡಗಿ ಕೂರುತ್ತೆ. ನಾನು ಮಾಡೋದು: ಐವತ್ತು ಕೇಸನ್ನೂ ಮರದ ಹಲಗೆಯಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸ್ತೀನಿ. ಒಂದೊಂದನ್ನೇ ತಿರುಗಿಸಿ, ಮದ್ದು ಹಾಕಿ, ಬೇರೆ ಹಲಗೆಗೆ. ಕೊನೆಗೆ ಟಾರ್ಚ್ ಬಿಟ್ಟು ಸಾಲುಸಾಲಾಗಿ ನೋಡ್ತೀನಿ. ನೋಡಿದ ಮೇಲಷ್ಟೇ ಗುಂಡು ಕೂರಿಸೋದು. ಫೋನ್ ಬೇರೆ ಕೋಣೆಯಲ್ಲಿ.

ನಿಧಾನಿ:
ಮದ್ದು ಕಮ್ಮಿ ಇದ್ದಾಗ ಅದು ಕೇಸಿನ ಯಾವ ತುದಿಯಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ನಳಿಗೆ ಮೇಲೆತ್ತಿ ನಿಧಾನಕ್ಕೆ ಇಳಿಸಿ ಹೊಡೆದ್ರೆ ಮದ್ದು ಪ್ರೈಮರ್ ಕಡೆ. ನೆಲಕ್ಕೆ ಬಗ್ಗಿಸಿ ಎತ್ತಿ ಹೊಡೆದ್ರೆ ಗುಂಡಿನ ಕಡೆ. ನನ್ನ ಯೂನೀಕ್ ಈಡಿನಲ್ಲಿ ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ 80 ಅಡಿ ವ್ಯತ್ಯಾಸ ತೋರಿಸ್ತು. ಒಂದೇ ಪೆಟ್ಟಿಗೆಯ ತೋಟೆ!

ಗುಡುಗು454:
ಅದಕ್ಕೇ ಮೇಲೆ ಸ್ವಲ್ಪ ಹತ್ತಿ ತುರುಕಬೇಕು, ಮದ್ದು ಅಲ್ಲಾಡಲ್ಲ.

ಸೀಸದಕೈ:
ಹೊಗೆರಹಿತ ಮದ್ದಿನ ಮೇಲೆ ತುರುಕಾಟ ಬೇಡ. ತೋಟೆ ಕೂರೋ ಕೋಣೆಯಲ್ಲಿ ಉಂಗುರದ ಹಾಗೆ ಉಬ್ಬು ಬಂದ ಬಂದೂಕು ನೋಡಿದ್ದೀನಿ. ಕರಿಮದ್ದಿನ ಕಥೆ ಬೇರೆ. ಅಲ್ಲಿ ಮದ್ದು ಮತ್ತು ಗುಂಡಿನ ನಡುವೆ ಖಾಲಿ ಇರಬಾರದು, ಅದಕ್ಕೇ ತುಂಬಿಸ್ತಾರೆ. ಎರಡನ್ನೂ ಕಲಸ್ಬೇಡಿ.

ಕ್ರಿಂಪ್‌ರಾಯ:
ನನ್ನ ಹೆಸರೇ ಹೇಳುತ್ತೆ: ಗಟ್ಟಿ ಕ್ರಿಂಪ್ ಹಾಕಿ. ಹಗುರ ಈಡಿಗೆ ಕ್ರಿಂಪ್ ಯಾಕೆ, ಗುಂಡು ಮುಂದೆ ಜಾರಲ್ವಲ್ಲ ಅಂತಾರೆ. ಜಾರೋದಕ್ಕಲ್ಲ ಸ್ವಾಮಿ, ಹತ್ತೋದಕ್ಕೆ. ಗುಂಡು ಒಂದು ಕ್ಷಣ ತಡೆದು ನಿಂತ್ರೆ ಮದ್ದು ಸರಿಯಾಗಿ ಹತ್ತುತ್ತೆ. ಕ್ರಿಂಪ್ ಸಡಿಲ ಇದ್ರೆ ಅರೆಬೆಂದ ಚೂರುಗಳು ಖಾಲಿ ಕೇಸುಗಳನ್ನ ಒಟ್ಟಿಗೆ ಹೊರತಳ್ಳೋ ಎಕ್ಸ್‌ಟ್ರಾಕ್ಟರ್ ನಕ್ಷತ್ರದ ಕೆಳಗೆ ಸೇರಿ ಸಿಲಿಂಡರ್ ಸಿಕ್ಕಿಕೊಳ್ಳುತ್ತೆ.

ಒಂಟಿನಳಿಗೆ:
ಸಿಂಗಲ್ ಆಕ್ಷನ್‌ನಲ್ಲಿ ನಕ್ಷತ್ರ ಎಲ್ಲಿಂದ ಬಂತು ರಾಯರೇ? ಗೇಟ್ ತೆಗೆದು, ಕಡ್ಡಿಯಲ್ಲಿ ಒಂದೊಂದೇ ತಳ್ಳೋದು. ನೀವು ಡಬಲ್ ಆಕ್ಷನ್ ಗುಂಗಿನಲ್ಲಿದ್ದೀರಿ.

ಕ್ರಿಂಪ್‌ರಾಯ:
ಸಿಕ್ಕಿಬಿದ್ದೆ. ನಕ್ಷತ್ರ ವಾಪಸ್. ಕ್ರಿಂಪ್ ವಾಪಸ್ ಇಲ್ಲ.

ಮಸಿಬೆರಳು:
ಇನ್ನೊಂದು ವಿಷಯ. ಒತ್ತಡ ತೀರಾ ಕಮ್ಮಿ ಇದ್ರೆ ಕೇಸಿನ ಗೋಡೆ ಅರಳಿ ಕೋಣೆಗೆ ಅಂಟಲ್ಲ. ಹೊಗೆ ಹಿಂದಕ್ಕೆ ನುಗ್ಗುತ್ತೆ. ಖಾಲಿ ಕೇಸ್ ಹೊರಗೆ ತೆಗೆದಾಗ ಒಂದು ಬದಿ ಬಾಯಿಂದ ಸೊಂಟದವರೆಗೂ ದೀಪದ ಕಾಡಿಗೆ ಬಳಿದ ಹಾಗೆ ಕಪ್ಪಗಿರುತ್ತೆ. ಗೇಟಿನ ಸುತ್ತ ಮಸಿ, ಹೆಬ್ಬೆರಳಿಗೂ ಮಸಿ, ನನ್ನ ಹೆಸರಿಗೂ ಅದೇ ಕಾರಣ. 200ರಿಂದ 250 ಗ್ರೇನ್ ಗುಂಡಿಗೆ ಬದಲಾಯಿಸಿದೆ, ಕೈಪಿಡಿಯ ಪಟ್ಟಿ ಒಳಗೇ ಈಡನ್ನ ಸ್ವಲ್ಪ ಏರಿಸಿದೆ, ಕಪ್ಪು ಬಾಯಿಯ ಹತ್ತಿರಕ್ಕೇ ನಿಂತಿತು.

ಗಿಣ್ಣುನೋವು:
ಗುಂಡು ಗಟ್ಟಿ ಸೀಸ ತಗೊಳ್ಳಲಾ, ಮೆತ್ತಗಿನದಾ? ಗಟ್ಟಿಯಾದ್ರೆ ನಳಿಗೆಗೆ ಸೀಸ ಮೆತ್ತಲ್ಲ ಅಂತಾರೆ.

ಸೀಸದಕೈ:
ಉಲ್ಟಾ. ಇಲ್ಲೇ ಎಲ್ಲರೂ ಎಡವೋದು. ಹಗುರ ಈಡಿನ ಒತ್ತಡಕ್ಕೆ ಗಟ್ಟಿ ಗುಂಡಿನ ಬುಡ ಅರಳಲ್ಲ. ಸಂದಿಯಲ್ಲಿ ಬಿಸಿ ಅನಿಲ ನುಗ್ಗಿ ಸೀಸವನ್ನ ಕೊರೆದು ನಳಿಗೆಗೆ ಬಳಿಯುತ್ತೆ. ಗಡಸಿನ ಅಳತೆ ಬ್ರಿನೆಲ್ 8ರಿಂದ 12 ಒಳಗಿನ ಮೆತ್ತನೆ ಸೀಸ ತಗೊಳ್ಳಿ, ಇಲ್ಲಾ ಲೇಪನ ಇರೋದು. ತಾಮ್ರದ ಕವಚದ ಗುಂಡು ಹಗುರ ಈಡಿಗೆ ಬೇಡವೇ ಬೇಡ, ನಳಿಗೆಯಲ್ಲಿ ಉಜ್ಜಾಟ ಹೆಚ್ಚು, ಸಿಕ್ಕಿಕೊಳ್ಳೋದು ಅದೇ ಮೊದಲು.

ಗಡಸಿಗಿಂತ ಮುಖ್ಯ ಅಳತೆ. ಸಿಲಿಂಡರ್ ಹೊರತೆಗೆದು, ಗುಂಡನ್ನ ಮುಂದಿನ ಬಾಯಿಂದ ಬೆರಳಲ್ಲಿ ತಳ್ಳಿ ನೋಡಿ. ಸ್ವಲ್ಪ ಒತ್ತಿದ್ರೆ ಜಾರಿ ಹೋಗ್ಬೇಕು. ತಾನಾಗೇ ಬಿದ್ದುಹೋದ್ರೆ ಗುಂಡು ಸಣ್ಣದು. ಹೋಗದೇ ಇದ್ರೆ ಕೋಣೆಯ ಬಾಯಿ ಬಿಗಿ. ಆಗ ಗುಂಡು ನಳಿಗೆ ಸೇರೋ ಮೊದಲೇ ಹಿಂಡಿಹೋಗುತ್ತೆ, ಎಂಥ ಸೀಸ ತಂದ್ರೂ ಮೆತ್ತೋದು ತಪ್ಪಲ್ಲ. ನನ್ನದರಲ್ಲಿ ಆರರಲ್ಲಿ ಎರಡು ಬಾಯಿ .450 ಇತ್ತು, ಗುಂಡು .452. ಮೂರು ತಿಂಗಳು ಮದ್ದು ಬದಲಾಯಿಸಿ ಬದಲಾಯಿಸಿ ಸುಸ್ತಾದೆ. ಬಲ್ಲವರ ಹತ್ರ ಆ ಬಾಯಿಗಳನ್ನ ರೀಮ್ ಮಾಡಿಸಿ ಹಿಗ್ಗಿಸಿದ ಮೇಲೆ ಸರಿಹೋಯ್ತು.

ಒಂಟಿನಳಿಗೆ:
ಮೆತ್ತಿದ ಸೀಸ ತೆಗೆಯೋಕೆ ಪಾತ್ರೆ ಉಜ್ಜೋ ತಾಮ್ರದ ನಾರನ್ನ ಹಳೇ ಬ್ರಷ್‌ಗೆ ಸುತ್ತಿ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದ್ರೆ ಅದು ಉಕ್ಕಿಗೆ ತಾಮ್ರದ ನೀರು ಕುಡಿಸಿದ್ದು, ಬೇಡ.

ನಿಧಾನಿ:
ಗುರಿ ಬಗ್ಗೆ ಒಂದು ಮಾತು. 200 ಗ್ರೇನಿಗೆ ಇಳಿದ್ರೆ ಪೆಟ್ಟು ಸಾಮಾನ್ಯವಾಗಿ ಕೆಳಗೆ ಬೀಳುತ್ತೆ. ಒದೆತಕ್ಕೆ ನಳಿಗೆ ಮೇಲೇಳೋದು ಕಮ್ಮಿಯಾಗುತ್ತಲ್ಲ, ಅದಕ್ಕೆ. ನಿಮ್ಮದು ಹೊಂದಿಸೋ ಸೈಟ್, ಚಿಂತೆಯಿಲ್ಲ. ಫ್ರೇಮಿನಲ್ಲೇ ಕೊರೆದ, ಹೊಂದಿಸೋಕಾಗದ ಸೈಟ್ ಇರೋರು 250ರ ಹತ್ತಿರವೇ ಇರೋದು ಒಳ್ಳೇದು, ಇಲ್ಲಾಂದ್ರೆ ಮುಂದಿನ ಸೈಟನ್ನ ಅರದಿಂದ ಉಜ್ಜೋಕೆ ಕೂರ್ತಾರೆ. ಉಜ್ಜಿದ್ದು ಮತ್ತೆ ಬೆಳೆಯಲ್ಲ.

ಬೂದಿಮುಚ್ಚಿದಕೆಂಡ:
ಹಿಡಿ ಬದಲಾಯಿಸೋದನ್ನೂ ಯೋಚಿಸಿ. ಹಳೇ ನೇಗಿಲಹಿಡಿ ಆಕಾರ ಒದೆತಕ್ಕೆ ಕೈಯಲ್ಲಿ ಉರುಳುತ್ತೆ, ಹಗುರ ಈಡಿಗೆ ಅದು ಚಂದ. ಭಾರದ ಈಡಿಗೆ ಬಿಸ್ಲಿ ಹಿಡಿ ಎಷ್ಟೋ ಮೇಲು, ಗಾರ್ಡಿನ ಹಿಂದೆ ಬೆರಳಿಗೆ ಜಾಗ ಸಿಗುತ್ತೆ.

ಹಳೇಈಡುಗಾರ:
ಬಿಸ್ಲಿ ಅನ್ನೋದು ಇಂಗ್ಲೆಂಡಿನ ಗುರಿಸ್ಪರ್ಧೆಯ ಮೈದಾನದ ಹೆಸರು. ಕೋಲ್ಟ್‌ನವರು 1894ರಲ್ಲಿ ಅದನ್ನ ರಿವಾಲ್ವರಿಗೆ ಇಟ್ರು. ಕಾಗದಕ್ಕೆ ತೂತು ಮಾಡೋರಿಗೆಂದೇ ಮಾಡಿದ ಹಿಡಿ, ಇವತ್ತು ಗುಡುಗಣ್ಣನಂಥವರ ಮೊಣಕೈ ಉಳಿಸ್ತಿದೆ.

ಗುಡುಗು454:
ಮೊಣಕೈ ವಿಷಯ ಬಿಡಿ ಅಂದಿದ್ದೆ.

ತಕ್ಕಡಿ:
ಮರೆಯೋ ಮುನ್ನ: ತೋಟೆ ತುಂಬೋಕೆ ಎಲ್ಲಾ ಕಡೆ ಒಂದೇ ಕಾನೂನಿಲ್ಲ. ಓದ್ತಿರೋರು ತಾವಿರೋ ಕಡೆಯ ಅನುಮತಿ ನೋಡ್ಕೊಂಡೇ ಪ್ರೆಸ್ ಮುಟ್ಟಿ.

ಗಿಣ್ಣುನೋವು:
ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಎಚ್110 ಡಬ್ಬಿಗೆ ಟೇಪ್ ಸುತ್ತಿ ಮೇಲಿನ ಅಟ್ಟಕ್ಕೆ ಹಾಕಿದ್ದೀನಿ. ಯೂನೀಕ್ ತಂದೆ, 250 ಗ್ರೇನ್ ಮೆತ್ತನೆ ಸೀಸ, ಕೈಪಿಡಿಯ ಮಾಮೂಲಿ ಪಟ್ಟಿಯ ಆರಂಭದ ಈಡು. ಎರಡು ಹಲಗೆ, ಟಾರ್ಚ್, ಫೋನ್ ಅಡುಗೆಮನೆಯಲ್ಲಿ. ಮೂವತ್ತು ತುಂಬೋಕೆ ಒಂದೂವರೆ ಗಂಟೆ ಹಿಡೀತು. ನಾಲ್ಕು ಸಲ ಟಾರ್ಚ್ ಬಿಟ್ಟು ನೋಡಿದೆ. ಬೂದಿಮುಚ್ಚಿದಕೆಂಡ ಅವರೇ, ಮೂವತ್ತೊಂದನೇ ಕೇಸ್ ತುಂಬೋ ಧೈರ್ಯ ಬರಲಿಲ್ಲ.

ಬೆರಳಲ್ಲಿ ತಳ್ಳಿ ನೋಡಿದೆ, ಆರೂ ಬಾಯಲ್ಲಿ ಗುಂಡು ಒಂದೇ ಥರ ಜಾರಿತು. ಕ್ರೋನೋಗ್ರಾಫಿನಲ್ಲಿ ನಳಿಗೆ ಮೇಲೆತ್ತಿ ಹೊಡೆದ ಐದರ ಸರಾಸರಿ 771, ಕೆಳಗೆ ಬಗ್ಗಿಸಿ ಹೊಡೆದ ಐದರದ್ದು 702. ನಿಧಾನಿ ಹೇಳಿದ್ದು ನಿಜ. ಕೇಸಿನ ಮೇಲೆ ಮಸಿ ಇದೆ, ಆದ್ರೆ ಬಾಯಿಂದ ಒಂದು ಬೆರಳಷ್ಟು ಮಾತ್ರ. ಉಳಿದ ಇಪ್ಪತ್ತನ್ನ 25 ಗಜದಲ್ಲಿ ಕಾಗದಕ್ಕೆ ಹೊಡೆದೆ. ಹದಿನೇಳು ಅಂಗೈಯೊಳಗೆ, ಮೂರು ನನ್ನ ಹಳೇ ಕಣ್ಮುಚ್ಚಾಟದ ಬಾಕಿ. ಗಿಣ್ಣು ಬಣ್ಣ ಬದಲಾಯಿಸಿಲ್ಲ. ಇದನ್ನ ಟೈಪ್ ಮಾಡ್ತಿರೋದೂ ಅದೇ ಕೈಯಲ್ಲಿ.

ಸೀಸದಕೈ:
ಹಾಗಾದ್ರೆ ಇನ್ನು ಕ್ರಿಂಪ್ ಅರ್ಧ ಸುತ್ತು ಗಟ್ಟಿ ಮಾಡಿ ನೋಡಿ, ಆ 69 ಅಡಿ ವ್ಯತ್ಯಾಸ ಇಳೀಬಹುದು.

ಕ್ರಿಂಪ್‌ರಾಯ:
ಇದನ್ನ ನಾನು ಹೇಳಿ ಮೂರು ವಾರ ಆಯ್ತು.

ಗುಡುಗು454:
ಗಿಣ್ಣುನೋವು ಅವರೇ, ಆ ಅಟ್ಟದ ಮೇಲಿನ ಎಚ್110 ಡಬ್ಬಿ ಕೊಡ್ತೀರಾ?

ಒಂಟಿನಳಿಗೆ:
ಮೊಣಕೈ ಪಟ್ಟಿ ಬಿಚ್ಚಿದ ಮೇಲೆ ಕೊಡಿ.